ಕುಡಿಯದೆ ಕೆಳಗಿಟ್ಟ ಕಾಫಿ

ಖಲ್ಫಾನನಿಗೆ ಎರಡು ವಿಷಯದಲ್ಲಿ ಜಂಬವಿತ್ತು. ಒಂದು, ಒಮಾನ್ ದೇಶದ ಎಣ್ಣೆಯೆಲ್ಲ ತನ್ನಿಂದಲೇ ಹೊರಗೆ ಬಂದದ್ದು ಎಂಬುದು. ಇನ್ನೊಂದು, ಅವನ ಒಂಟೆ ಸಮ್ಹಾ.

ಎಣ್ಣೆಯ ಮಾತು ಪೂರ್ತಿ ಸುಳ್ಳೂ ಅಲ್ಲ. ಅವನು ಹುಟ್ಟಿದಾಗ ಖೋರ್ ಮಿಲ್ಹ್ ಎಂಬ ಆ ಕಡಲತಡಿಯ ಊರಿಗೆ ರಸ್ತೆ ಇರಲಿಲ್ಲ. ಸಮುದ್ರ ತಂದೆಸೆದ ಮರದ ತುಂಡುಗಳನ್ನು ನಿಲ್ಲಿಸಿ, ಹರಿದ ಬಲೆ ಹೊದಿಸಿದರೆ ಅದೇ ಮನೆ. ಒಳನಾಡಿನ ಮರಳಿನಲ್ಲಿ ಎಣ್ಣೆ ಸಿಕ್ಕಿತೆಂದು ಸುದ್ದಿ ಬಂದಾಗ ಖಲ್ಫಾನನಿಗೆ ಮೀಸೆ ಚಿಗುರುತ್ತಿತ್ತು. ಹೋಗಿ ಎಣ್ಣೆ ಕಂಪನಿಯ ಬಿಡಾರಗಳಿಗೆ ನೀರಿನ ಟ್ಯಾಂಕರ್ ಓಡಿಸುವ ಕೆಲಸ ಹಿಡಿದ. ನೆಲದಿಂದ ಎಣ್ಣೆ ತೆಗೆಯುವವರೂ ನೀರನ್ನೇ ಕುಡಿಯಬೇಕಲ್ಲ! “ನಾನೊಂದು ದಿನ ಟ್ಯಾಂಕರ್ ನಿಲ್ಲಿಸಿದ್ರೆ ದೇಶ ನಿಂತುಬಿಡ್ತಿತ್ತು” ಎಂದು ಅವನು ಹೇಳುವಾಗ ಎದುರು ಕೂತವರು ತಲೆಯಾಡಿಸುತ್ತಿದ್ದರು. ಅವನ ಮನೆಯ ಖರ್ಜೂರ ತಿನ್ನುತ್ತಾ ಬೇರೇನು ಮಾಡಲು ಸಾಧ್ಯ?

ಆ ಎಣ್ಣೆಯಿಂದ ಊರಿಗೆ ಟಾರು ಬಂತು, ವಿದ್ಯುತ್ ಬಂತು, ಆಸ್ಪತ್ರೆ ಬಂತು. ಗುಡಿಸಲಿನವರಿಗೆಲ್ಲ ಸರಕಾರ ಸಿಮೆಂಟಿನ ಮನೆ ಕಟ್ಟಿಸಿಕೊಟ್ಟಿತು. ಅಷ್ಟರಲ್ಲಿ ಖಲ್ಫಾನ್ ಕೆಲಸ ಬಿಟ್ಟಿದ್ದ. ಬಿಟ್ಟದ್ದಕ್ಕೆ ಕಾರಣವೂ ಒಂಟೆಯೇ. ಅವನ ಹೆಣ್ಣೊಂಟೆ ಮರಿ ಹಾಕುವ ದಿನ ತಡವಾಗಿ ಹೋದನೆಂದು ಮೇಲ್ವಿಚಾರಕ ಎಲ್ಲರೆದುರು ಗಡಿಯಾರ ತೋರಿಸಿದ್ದ. ಖಲ್ಫಾನ್ ಟ್ಯಾಂಕರಿನ ಕೀಲಿಯನ್ನು ಅವನ ಮೇಜಿನ ಮೇಲಿಟ್ಟು, “ಇನ್ನು ಮೇಲೆ ಇನ್ನೊಬ್ಬನ ಗಡಿಯಾರಕ್ಕೆ ನಾನು ಏಳೋದಿಲ್ಲ” ಎಂದು ಆಣೆ ಮಾಡಿ ಮನೆಗೆ ಬಂದ. ದೋಣಿ ಕೊಂಡ, ಮೀನು ಹಿಡಿದ, ಒಂಟೆ ಸಾಕಿದ. ಆ ಸಂತತಿಯಲ್ಲೇ ಹುಟ್ಟಿದವಳು ಸಮ್ಹಾ.

ಒಂಟೆಯನ್ನು ‘ಅದು’ ಎಂದರೆ ಖಲ್ಫಾನ್ ಮುಖ ಗಂಟಿಕ್ಕುತ್ತಿದ್ದ, ಆದ್ದರಿಂದ ನಾವೂ ಅವಳೆನ್ನೋಣ. ಹಾಲಿನ ಕೆನೆಯ ಬಣ್ಣ, ನೀಳ ಕಾಲು, ಊರಿನ ಹೆಂಗಸರೆಲ್ಲ ಹೊಟ್ಟೆಕಿಚ್ಚು ಪಡುವಂಥ ರೆಪ್ಪೆ. ಒಣಗಿದ ಬೂತಾಯಿ ಮೀನು, ಖರ್ಜೂರ, ತುಪ್ಪ ಇವನ್ನೆಲ್ಲ ಖಲ್ಫಾನ್ ಸ್ವತಃ ಕಲಸಿ ಉಂಡೆ ಮಾಡಿ ಬಾಯಿಗಿಟ್ಟರೆ ಮಾತ್ರ ತಿನ್ನುತ್ತಿದ್ದಳು. ಬೇರೆಯವರು ಕೊಟ್ಟರೆ ಮೂಸಿ ನೋಡಿ, ಮುಖ ತಿರುಗಿಸಿ, ಒಮ್ಮೊಮ್ಮೆ ಉಗಿದೂ ಬಿಡುತ್ತಿದ್ದಳು. ಚಳಿಗಾಲದ ಓಟಗಳಲ್ಲಿ ಮೊದಲ ಹತ್ತರೊಳಗೆ ಬರುವವಳು. “ಮುಂದಿನ ಚಳಿಗೆ ಇವಳು ಮೊದಲು ಬರ್ತಾಳೆ” ಎಂದು ಖಲ್ಫಾನ್ ಪ್ರತಿ ಚಳಿಗಾಲವೂ ಹೇಳುತ್ತಿದ್ದ.

“ನಿಮ್ಮ ಮಗ ಸಲಾಲಾದಲ್ಲಿ ಹೇಗಿದ್ದಾನೆ ಅಂತ ಯಾರಾದ್ರೂ ಕೇಳಿದ್ರೆ ನೀವು ಒಂಟೆ ಕಾಲು ನೋವಿನ ಸುದ್ದಿ ಹೇಳ್ತೀರಿ” ಎಂದು ಅವನ ಹೆಂಡತಿ ಝುವೈನಾ ರೇಗುತ್ತಿದ್ದಳು.

“ಹಮೂದ್ ವಾಯುಪಡೆಯಲ್ಲಿದ್ದಾನೆ, ಸರಕಾರ ನೋಡ್ಕೊಳ್ಳುತ್ತೆ. ಇವಳನ್ನ ಯಾರು ನೋಡ್ಕೋತಾರೆ, ಉಮ್ಮ್ ಹಮೂದ್?” ಮಗನ ಹೆಸರು ಸೇರಿಸಿ ಅವನು ಹೆಂಡತಿಯನ್ನು ‘ಹಮೂದನ ಅಮ್ಮ’ ಎಂದರೆ, ಅವಳು ಗಂಡನನ್ನು ‘ಅಬೂ ಹಮೂದ್’, ಹಮೂದನ ಅಪ್ಪ, ಎನ್ನುತ್ತಿದ್ದಳು.

ಹೀಗಿರುವಾಗ ಎಣ್ಣೆಯ ಬೆಲೆ ಬಿತ್ತು. ಎಣ್ಣೆಯೊಂದನ್ನೇ ನಂಬಿ ಕೂತರೆ ಆಗದು ಎಂದು ರಾಜಧಾನಿಯಲ್ಲಿ ತೀರ್ಮಾನವಾಯಿತು. ಕೋಟು ಹಾಕಿದವರೂ ರುಮಾಲು ಸುತ್ತಿದವರೂ ದೊಡ್ಡ ನಕ್ಷೆಗಳನ್ನು ಹಿಡಿದು ಖೋರ್ ಮಿಲ್ಹ್‌ಗೆ ಬಂದರು. ಆಳವಾದ ಸಮುದ್ರ, ಖಾಲಿ ಬಿದ್ದ ನೆಲ, ಇಲ್ಲಿ ಬಂದರು ಮಾಡೋಣ, ಹೊರದೇಶದವರ ಬಂಡವಾಳ ತರಿಸೋಣ ಎಂದರು. ಊರವರು ಖರ್ಜೂರ ಕೊಟ್ಟು, ಕಾಫಿ ಕುಡಿಸಿ ಕಳಿಸಿದರು, ಆಮೇಲೆ ಮರೆತರು. ಆದರೆ ಈ ಸಲ ನಕ್ಷೆ ನೆಲಕ್ಕೆ ಇಳಿದೇಬಿಟ್ಟಿತು. ಚೀನಾದವರು ಬಂದರು, ಕೊರಿಯಾದವರು ಬಂದರು. ಕೇರಳದವನೊಬ್ಬ ರಸ್ತೆ ಬದಿಯಲ್ಲಿ ಚಹಾ, ಪರೋಟದ ಅಂಗಡಿ ತೆರೆದ. ಖಲ್ಫಾನನ ದಾಯಾದಿ ಗುಬೈಶ್ ತನ್ನ ಮನೆಯನ್ನು ಪರದೇಶಿಗಳಿಗೆ ಬಾಡಿಗೆಗೆ ಕೊಟ್ಟು, ತಾನು ಹಿತ್ತಲಲ್ಲಿ ಡೇರೆ ಹಾಕಿಕೊಂಡು ಮಲಗತೊಡಗಿದ. “ಸೆಖೆಗೆ ಡೇರೆಯೇ ಒಳ್ಳೇದು” ಎನ್ನುತ್ತಿದ್ದ, ನಗು ತಡೆಯದೆ.

ಬೆಲ್ಜಿಯಂನ ಒಂದು ಕಂಪನಿ ಹಡಗು ದುರಸ್ತಿಯ ಕಟ್ಟೆ ಕಟ್ಟಲು ಬಂತು. ಊರಿನ ಒಂದು ಪಕ್ಕದಿಂದ ಸಮುದ್ರದವರೆಗೆ ಉದ್ದಕ್ಕೆ ತಂತಿಬೇಲಿ ಎದ್ದಿತು. ಆ ಕಂಪನಿಯ ಮುಖ್ಯಸ್ಥನ ಹೆಸರು ಲೀವನ್. ತೆಳ್ಳಗೆ ಉದ್ದಕ್ಕೆ, ಬಿಸಿಲಿಗೆ ಕೆಂಪಾದ ಮೂಗಿನ ಮನುಷ್ಯ. ಊರವರು ಅವನನ್ನು ಇಂಜಿನಿಯರ್ ಎಂದಷ್ಟೇ ಕರೆಯುತ್ತಿದ್ದರು. ಸ್ಥಳೀಯರೊಡನೆ ಮಾತುಕತೆ ನೋಡಿಕೊಳ್ಳಲು ಅವನ ಕಚೇರಿಯಲ್ಲಿ ಇದ್ದವಳು ಶಂಸಾ, ಖಲ್ಫಾನನ ತೀರಿಕೊಂಡ ತಮ್ಮನ ಮಗಳು. ಮಸ್ಕತ್‌ನಲ್ಲಿ ಓದಿ ಬಂದ ಚುರುಕು ಹುಡುಗಿ. ಕಂಪನಿಯಲ್ಲಿ ಇಂತಿಷ್ಟು ಮಂದಿ ದೇಶದವರೇ ಇರಬೇಕೆಂಬ ನಿಯಮವಿದ್ದುದರಿಂದ ಊರಿನ ತರುಣರೆಲ್ಲ ಅವಳ ಹಿಂದೆ ಬಿದ್ದಿದ್ದರು.

“ದೊಡ್ಡಪ್ಪ, ನಿಮಗೂ ಒಂದು ಕೆಲಸ ಕೊಡಿಸ್ಲಾ? ಕಾವಲುಗಾರರ ಮುಖ್ಯಸ್ಥ. ಕುರ್ಚಿ ಮೇಲೆ ಕೂತ್ಕೊಳ್ಳೋದಷ್ಟೆ.”

“ಇನ್ನೊಬ್ಬನ ಗಡಿಯಾರಕ್ಕೆ ಏಳೋದಿಲ್ಲ ಅಂತ ಮನೆಗೆ ಬಂದು ನಿನ್ನ ಅಪ್ಪನ ಎದುರಿಗೂ ಆಣೆ ಮಾಡಿದ್ದೆ. ಬೆಳಗಿನ ಸೂರ್ಯನೂ ನನ್ನನ್ನ ಕೇಳ್ಕೊಂಡೇ ಹುಟ್ಟಬೇಕು, ಇನ್ನು ಕಂಪನಿ ಗಂಟೆಗೆ ಏಳ್ತೀನಾ?”

ಆ ವರ್ಷದ ಹಬ್ಬಕ್ಕೆ ಶಂಸಾ ತನ್ನ ಮುಖ್ಯಸ್ಥನನ್ನು ದೊಡ್ಡಪ್ಪನ ಮನೆಗೆ ಕರೆತಂದಳು. ಬರುವ ದಾರಿಯಲ್ಲಿ ಕಾರಿನೊಳಗೆ ಅವನಿಗೆ ಪಾಠವಾಯಿತು. ಬಲಗೈಯಲ್ಲೇ ತಿನ್ನಬೇಕು, ಅಂಗಾಲು ಯಾರ ಕಡೆಗೂ ತೋರಿಸಬಾರದು, ಕಾಫಿ ಸಾಕಾದರೆ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು. ಲೀವನ್ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡ. ಬಾಗಿಲಲ್ಲಿ ಶಂಸಾ ಒಳಗೆ ದೊಡ್ಡಮ್ಮನ ಕಡೆ ಹೋದಳು, ಅವನು ಗಂಡಸರು ಕೂತ ಹೊರಕೋಣೆಗೆ ಬಂದ. ಗೋಡೆಗೆ ಒರಗಿ ಗುಬೈಶ್ ಮತ್ತು ಊರಿನ ಹಿರಿಯರು ಕೂತಿದ್ದರು. ಲೀವನ್ ಹಲ್ವ ತಿಂದ, ಖರ್ಜೂರ ತಿಂದ, ನಕ್ಕ. ಆಮೇಲೆ ಖಲ್ಫಾನ್ ಹೂಜಿಯಿಂದ ಏಲಕ್ಕಿ ಹಾಕಿದ ಕಾಫಿಯನ್ನು ಪುಟ್ಟ ಬಟ್ಟಲಿಗೆ ಬಗ್ಗಿಸಿ ಕೊಟ್ಟ.

ಲೀವನ್‌ನ ಹೊಟ್ಟೆಯಲ್ಲಿ ಹುಣ್ಣಿತ್ತು. ಕಾಫಿ ಮುಟ್ಟಬೇಡ ಎಂದು ವೈದ್ಯ ಕಟ್ಟುನಿಟ್ಟಾಗಿ ಹೇಳಿದ್ದ. ಬೇಡವೆಂದರೆ ತಪ್ಪಾಗುತ್ತದೇನೋ ಎಂದು ವಿನಯದಿಂದ ಬಟ್ಟಲನ್ನು ತೆಗೆದುಕೊಂಡ, ಅದೇ ವಿನಯದಿಂದ ತನ್ನ ಮುಂದೆ ಜಮಖಾನದ ಮೇಲೆ ಇಟ್ಟು, ಕೈಕಟ್ಟಿ ಕೂತ.

ಕೋಣೆಯಲ್ಲಿದ್ದವರೆಲ್ಲ ಆ ಬಟ್ಟಲಿನ ಕಡೆ ತಿರುಗಿದರು.

ಆ ಕಡೆಯವರಲ್ಲಿ, ಬಂದವನಿಗೆ ಏನಾದರೂ ದೊಡ್ಡದನ್ನು ಕೇಳುವುದಿದ್ದರೆ ಬಾಯಿಬಿಟ್ಟು ಬೇಡುವುದಿಲ್ಲ. ಕೊಟ್ಟ ಕಾಫಿಯನ್ನು ಕುಡಿಯದೆ ಮುಂದಿಟ್ಟು ಸುಮ್ಮನೆ ಕೂರುತ್ತಾನೆ. ‘ಕುಡಿ, ನಿನ್ನ ಕೆಲಸ ಆಯಿತು’ ಎಂದು ಮನೆಯವನು ಹೇಳುವವರೆಗೂ ಅದನ್ನು ಮುಟ್ಟುವುದಿಲ್ಲ. ಖಲ್ಫಾನ್ ಮಗುವಾಗಿದ್ದಾಗ, ಅವನ ಚಿಕ್ಕಪ್ಪನನ್ನು ಗಾಯಗೊಳಿಸಿದ್ದ ಪಕ್ಕದ ಬಣದವನೊಬ್ಬ ಗುಡಿಸಲಿಗೆ ಬಂದು ಹೀಗೆಯೇ ಬಟ್ಟಲನ್ನು ಕೆಳಗಿಟ್ಟಿದ್ದ. ಖಲ್ಫಾನನ ಅಪ್ಪ ಏನು ಬೇಕೆಂದು ಕೇಳದೆಯೇ ‘ಕುಡಿ’ ಎಂದಿದ್ದರು. ಅಷ್ಟಕ್ಕೇ ಹಗೆ ಮುಗಿದುಹೋಗಿತ್ತು. ಈಗಿನವರು ಫೋನಿನಲ್ಲೇ ಕೇಳಿಬಿಡುವುದರಿಂದ ಖೋರ್ ಮಿಲ್ಹ್‌ನಲ್ಲಿ ಕಾಫಿ ಕೆಳಗಿಟ್ಟವರನ್ನು ಕಂಡು ಬಹಳ ಕಾಲವಾಗಿತ್ತು. ಕಾರಿನಲ್ಲಿ ಪಾಠ ಹೇಳುವಾಗ ಶಂಸಾಳಿಗೆ ಅದು ನೆನಪಿಗೂ ಬಂದಿರಲಿಲ್ಲ.

ಗುಬೈಶ್ ಖಲ್ಫಾನನನ್ನು ಮೊಣಕೈಯಿಂದ ತಿವಿದ. “ನೋಡಿದ್ಯಾ? ಇಟ್ಬಿಟ್ಟ.”

“ಕಣ್ಣಿದೆ ನನಗೆ.”

“ಬೇಲಿ ಈ ಕಡೆ ಸರಿಸೋಕೆ ಬಂದಿರ್ಬೇಕು. ನಿನ್ನ ದೋಣಿ ನಿಲ್ಲಿಸೋ ಜಾಗಕ್ಕೇ ಕಣ್ಣು ಹಾಕಿರ್ತಾನೆ. ಮೊದ್ಲು ಏನು ಅಂತ ಕೇಳು ಮಾರಾಯ.”

“ನಮ್ಮಪ್ಪ ಕೇಳ್ತಿರ್ಲಿಲ್ಲ” ಎಂದ ಖಲ್ಫಾನ್. ಅವನ ಎದೆ ಉಬ್ಬಿತ್ತು. ಕೋಟಿಗಟ್ಟಲೆ ಬಂಡವಾಳ ತಂದವನು, ಮಂತ್ರಿಗಳ ಜೊತೆ ಕೂರುವವನು, ತನ್ನ ಜಮಖಾನದ ಮೇಲೆ ಹಳೆಯ ಕಾಲದ ಮರ್ಯಾದೆಯಿಂದ ಕೈಕಟ್ಟಿ ಕೂತಿದ್ದಾನೆ! ಊರಿನ ಹಿರಿಯರೆಲ್ಲ ನೋಡುತ್ತಿದ್ದಾರೆ. ಇಂಥ ಗಳಿಗೆ ಜನ್ಮಕ್ಕೊಂದು ಸಲ ಬರುವಂಥದ್ದು. ಅವನು ಬೆನ್ನು ನೆಟ್ಟಗೆ ಮಾಡಿ ಕೋಣೆಗೆಲ್ಲ ಕೇಳುವಂತೆ ಹೇಳಿದ:

“ಕುಡಿ, ಇಂಜಿನಿಯರ್! ನಿನ್ನ ಕೆಲಸ ಆಯ್ತು!”

ಲೀವನ್‌ಗೆ ತಿಳಿದದ್ದು ‘ಕುಡಿ’ ಒಂದೇ. ಮುಜುಗರದಿಂದ ಹೊಟ್ಟೆಯ ಮೇಲೆ ಕೈಯಿಟ್ಟ. ಎದೆಯ ಮೇಲೆ ಕೈಯಿಟ್ಟು ವಂದಿಸಿದ ಎಂದು ಹಿರಿಯರು ಮೆಚ್ಚಿಕೊಂಡರು. ಅವನು ಬಟ್ಟಲಿಗೆ ತುಟಿ ತಾಗಿಸಿದ.

“ಈಗ ಹೇಳು. ಏನು ಬೇಕು?”

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ಏನಾದರೂ ಒಳ್ಳೆಯ ಮಾತಾಡಬೇಕು ಎಂದು ಲೀವನ್‌ಗೆ ಅರ್ಥವಾಯಿತು. ಅವನಿಗೆ ಗೊತ್ತಿದ್ದ ಅರಬ್ಬಿ ಶಬ್ದಗಳು ಒಂದು ಹಿಡಿಯಷ್ಟು. ಅತ್ತಿತ್ತ ನೋಡಿದ. ತೆರೆದ ಬಾಗಿಲಾಚೆ ಬಿಸಿಲಿನಲ್ಲಿ ಸಮ್ಹಾ ನಿಂತು, ರೆಪ್ಪೆ ಬಡಿಯುತ್ತಾ ಮೆಲುಕು ಹಾಕುತ್ತಿದ್ದಳು.

“ಒಂಟೆ” ಎಂದ ಲೀವನ್, ಖುಷಿಯಿಂದ ಬೆರಳು ತೋರಿಸಿ. “ನಿಮ್ಮ ಒಂಟೆ... ಚೆನ್ನ. ತುಂಬಾ ತುಂಬಾ ಚೆನ್ನ. ನಾನು... ಇಷ್ಟ.”

ಗುಬೈಶ್‌ನ ಬಾಯಿಯಿಂದ ಖರ್ಜೂರದ ಬೀಜ ಬಿದ್ದುಹೋಯಿತು. ಖಲ್ಫಾನನ ಮುಖದಲ್ಲಿ ನಗು ಹಾಗೆಯೇ ಉಳಿದಿತ್ತು, ಅದನ್ನು ತೆಗೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಕೊಟ್ಟ ಮಾತು ಕೋಣೆಯ ನಡುವೆ ಎಲ್ಲರಿಗೂ ಕಾಣುವಂತೆ ಕೂತಿತ್ತು. ಅವನು ಹೂಜಿಯನ್ನು ಕೈಗೆತ್ತಿಕೊಂಡು ಉಳಿದವರಿಗೆ ಕಾಫಿ ಬಗ್ಗಿಸುತ್ತಾ ಹೋದ. ಲೀವನ್ ಸಂತೋಷದಿಂದ ಎಲ್ಲರ ಕೈಕುಲುಕಿ, ಪಾಠ ಹೇಳಿಸಿಕೊಂಡಂತೆ ಬಟ್ಟಲನ್ನು ಅಲ್ಲಾಡಿಸಿ ಕೊಟ್ಟು, ಶಂಸಾಳ ಜೊತೆ ಹೊರಟುಹೋದ.

ಸುದ್ದಿ ಕೇಳಿದ ಝುವೈನಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏನು ಅಂತ ಕೇಳ್ದೆ ಹೂಂ ಅಂದ್ರಾ?”

“ಅಂದೆ.”

“ದೇವರು ದೊಡ್ಡವನು. ಅವನೇನಾದ್ರೂ ಅಡುಗೆಮನೆ ಕಡೆ ತಿರುಗಿದ್ರೆ ನನ್ನನ್ನೂ ಗಾಡಿ ಹತ್ತಿಸಿ ಕಳಿಸ್ತಿದ್ರಿ!”

ಖಲ್ಫಾನ್ ನಗಲಿಲ್ಲ. ಗಂಡ ನಗದಿದ್ದುದನ್ನು ಕಂಡು ಝುವೈನಾ ಬೈಯುವುದನ್ನು ನಿಲ್ಲಿಸಿ, ಒಳಗಿನಿಂದ ತುಪ್ಪದ ಡಬ್ಬಿ ತಂದುಕೊಟ್ಟಳು. “ಕೊಡೋದೇ ಆದ್ರೆ ಹೊಟ್ಟೆತುಂಬ ಉಣಿಸಿ ಕೊಡಿ” ಎಂದಳು.

ಮಾರನೆಯ ಬೆಳಿಗ್ಗೆ ಪಿಕಪ್ ಗಾಡಿಯ ಹಿಂದೆ ಸಮ್ಹಾಳನ್ನು ಕೂರಿಸಿಕೊಂಡು ಖಲ್ಫಾನ್ ಕಂಪನಿಯ ಗೇಟಿಗೆ ಹೋದ. ಕೊರಳಿಗೆ ಕೆಂಪು ಗೊಂಡೆ ಕಟ್ಟಿದ್ದ. ಕಾವಲುಗಾರ ಕಾಗದ ಕೇಳಿದ. “ಇವಳೇ ಕಾಗದ” ಎಂದು ಖಲ್ಫಾನ್ ಹಗ್ಗವನ್ನು ಅವನ ಕೈಗೆ ಕೊಟ್ಟು, ಹಿಂದಿರುಗಿ ನೋಡದೆ ಗಾಡಿ ತಿರುಗಿಸಿದ. ಹಿಂದಿನ ದಿನದ ಸುದ್ದಿ ಆಗಲೇ ಕಿವಿಗೆ ಬಿದ್ದಿದ್ದ ಶಂಸಾ ಓಡಿ ಬಂದು ಗಾಡಿಯ ಕಿಟಕಿ ಹಿಡಿದಳು.

“ದೊಡ್ಡಪ್ಪ, ಇದೇನಿದು? ಅವರಿಗೆ ಹೊಟ್ಟೆಹುಣ್ಣು, ಅದಕ್ಕೇ ಕಾಫಿ ಕುಡೀಲಿಲ್ಲ! ಅವರು ಏನೂ ಕೇಳ್ಲೇ ಇಲ್ಲ. ನಾನೀಗ್ಲೇ ಹೋಗಿ ಹೇಳ್ತೀನಿ.”

“ಹೇಳಿದ್ರೆ ನಿನ್ನ ಅಪ್ಪನ ಮೇಲಾಣೆ!” ಖಲ್ಫಾನ್ ಗುಡುಗಿದ. “ಊರೆಲ್ಲ ಕೂತಿತ್ತು. ಕೇಳಿದ, ಕೊಟ್ಟೆ, ಮುಗೀತು. ಅವನ ಹೊಟ್ಟೆ ವಿಷಯ ಅವನಿಗೇ ಇರಲಿ.”

ಹೀಗೆ ಬೆಲ್ಜಿಯಂನ ಕಂಪನಿಗೆ ಒಂದು ಒಂಟೆಯಾಯಿತು. ಲೀವನ್ ತಲೆಯ ಮೇಲೆ ಕೈಹೊತ್ತು ಕೂತ. ವಾಪಸ್ ಕಳಿಸಲೇ ಎಂದು ಕೇಳಿದ್ದಕ್ಕೆ ಶಂಸಾ, “ಕಳಿಸಿದ್ರೆ ನಮ್ಮ ದೊಡ್ಡಪ್ಪನ ಮುಖಕ್ಕೆ ಹೊಡೆದ ಹಾಗೆ. ಆಮೇಲೆ ಈ ಊರಲ್ಲಿ ನಿಮಗೆ ನೀರೂ ಹುಟ್ಟೋದಿಲ್ಲ” ಎಂದಳು. ಉಡುಗೊರೆ ತೆಗೆದುಕೊಳ್ಳಬಾರದೆಂಬ ನಿಯಮ ಕಂಪನಿಯಲ್ಲಿತ್ತು. ಮೇಲಿನವರು ಬಹಳ ಯೋಚಿಸಿ ಒಂಟೆಯನ್ನು ಕಂಪನಿಯ ವಾಹನಗಳ ಪಟ್ಟಿಗೆ ಸೇರಿಸಿದರು. ವಿಮೆ ಮಾಡಿಸಿದ್ದೀರಾ ಎಂದು ಬ್ರಸೆಲ್ಸ್‌ನಿಂದ ಯಾರೋ ಕೇಳಿದರಂತೆ. ಸಮ್ಹಾ ಮಾತ್ರ ಯಾವ ನಿಯಮವನ್ನೂ ಲೆಕ್ಕಿಸದೆ, ಕಚೇರಿಯ ಮುಂದೆ ಕಷ್ಟಪಟ್ಟು ಬೆಳೆಸಿದ್ದ ಹುಲ್ಲುಹಾಸನ್ನು ಮೊದಲ ದಿನವೇ ಮುಗಿಸಿದಳು.

ಅದೇ ಕೊನೆ, ಆಮೇಲೆ ತಿನ್ನುವುದನ್ನು ಬಿಟ್ಟಳು. ಅಡುಗೆಯವರು ಹುಲ್ಲು ಕೊಟ್ಟರು, ಜೋಳ ಕೊಟ್ಟರು, ಕೋಸು ಹೆಚ್ಚಿ ಕೊಟ್ಟರು. ಅವಳು ಮೂಸಿ ನೋಡಿ ಮುಖ ತಿರುಗಿಸಿದಳು. ಬೇಲಿಯ ಹತ್ತಿರ ಊರ ಕಡೆಗೆ ಮುಖಮಾಡಿ ಮಲಗುತ್ತಿದ್ದಳು.

ಬೇಲಿಯ ಈಚೆ ಇನ್ನೊಬ್ಬನೂ ಸೊರಗುತ್ತಿದ್ದ. ಸಂಜೆಯಾದರೆ ಖಲ್ಫಾನ್ ಕೋಲು ಹಿಡಿದು ಹೊರಡುವನು.

“ಎಲ್ಲಿಗೆ?” ಎಂದು ಝುವೈನಾ ಕೇಳುವಳು.

“ಸಮುದ್ರ ನೋಡ್ಕೊಂಡು ಬರ್ತೀನಿ.”

“ಸಮುದ್ರ ಈ ಕಡೆ ಇದೆ, ಅಬೂ ಹಮೂದ್. ನೀವು ಹೋಗ್ತಿರೋದು ಆ ಕಡೆ.”

ಅವನು ಬೇಲಿಯಿಂದ ದೂರದಲ್ಲಿ ನಿಲ್ಲುತ್ತಿದ್ದ. ಹತ್ತಿರ ಹೋದರೆ ಸಮ್ಹಾ ಎದ್ದು ಬರುತ್ತಾಳೆ, ಅವಳು ಬಂದರೆ ತಂತಿಯೊಳಗೆ ಕೈ ಹಾಕದೆ ಇರಲಾರ, ಕೈ ಹಾಕಿದರೆ ಕೊಟ್ಟ ವಸ್ತುವಿನ ಆಸೆ ಬಿಟ್ಟಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ದಿನದಿಂದ ದಿನಕ್ಕೆ ಅವಳ ಪಕ್ಕೆಲುಬು ಎದ್ದು ಕಾಣತೊಡಗಿತು. ಕೇಳಿದರೆ ಮಾನ ಹೋಗುತ್ತದೆ, ಕೇಳದಿದ್ದರೆ ಒಂಟೆಯೇ ಹೋಗುತ್ತದೆ. ಕೊಟ್ಟದ್ದನ್ನು ಹಿಂದೆ ಕೇಳಿದವನು ಎಂಬ ಹೆಸರು ಆ ಕರಾವಳಿಯಲ್ಲಿ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಗುಬೈಶ್‌ನಂಥ ದಾಯಾದಿ ಇರುವಾಗ ಅದಕ್ಕಿಂತ ಹೆಚ್ಚೇ ಉಳಿಯುತ್ತದೆ.

ಒಂದು ದಿನ ಬೇಲಿಯ ಕಡೆಯಿಂದ ಬಂದವನು ರಾತ್ರಿ ಊಟ ಮುಟ್ಟಲಿಲ್ಲ. ತಟ್ಟೆಯಲ್ಲಿ ಅವನಿಗಿಷ್ಟವಾದ ಒಣ ಶಾರ್ಕಿನ ಪಲ್ಯವೂ ಅನ್ನವೂ ಇತ್ತು.

“ಅವಳು ಎದ್ದು ನಿಲ್ಲಲಿಲ್ಲ ಇವತ್ತು” ಎಂದ. ಅಷ್ಟು ಹೇಳಿ ಅತ್ತುಬಿಟ್ಟ. ಮದುವೆಯಾದ ಮೇಲೆ ಗಂಡ ಅತ್ತದ್ದನ್ನು ಝುವೈನಾ ನೋಡಿದ್ದು ಅವನ ತಮ್ಮ ತೀರಿಕೊಂಡಾಗ ಮಾತ್ರ. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಗಂಡನ ಹತ್ತಿರ ಕೂತಳು.

“ಅವನು ಕಾಫಿ ಕೆಳಗಿಟ್ಟು ನಿಮ್ಮಿಂದ ತಗೊಂಡ. ನಿಮಗೇನು ಕಾಫಿ ಕೆಳಗಿಡೋಕೆ ಬರೋದಿಲ್ವಾ?”

“ಕೊಟ್ಟಿದ್ದನ್ನ ಹೇಗೆ ಕೇಳ್ಲಿ?”

“ಒಂಟೆ ಕೇಳಿ ಅಂತ ನಾನೆಲ್ಲಿ ಹೇಳ್ದೆ? ಕಾಫಿ ಕೆಳಗಿಡಿ ಅಂದೆ. ಏನು ಕೇಳ್ಬೇಕು ಅನ್ನೋದನ್ನ ಹೋಗ್ತಾ ದಾರಿಯಲ್ಲಿ ಯೋಚ್ನೆ ಮಾಡಿ. ಇಷ್ಟು ದಿನ ಯೋಚ್ನೆ ಮಾಡ್ದೆ ಮಾತಾಡಿದ್ದಕ್ಕೇ ಈ ಗತಿ.”

ಮರುದಿನ ಖಲ್ಫಾನ್ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತೊಟ್ಟು, ಹಬ್ಬದ ರುಮಾಲು ಸುತ್ತಿ, ಕಂಪನಿಯ ಕಚೇರಿಗೆ ಬಂದ. ಲೀವನ್ ಎದ್ದು ನಿಂತು ಸ್ವಾಗತಿಸಿದ. ಅಲ್ಲಿ ಹೂಜಿಯಿಲ್ಲ, ಏಲಕ್ಕಿಯಿಲ್ಲ. ಮೂಲೆಯ ಯಂತ್ರದ ಗುಂಡಿಯೊತ್ತಿ ಕಾಗದದ ಲೋಟದಲ್ಲಿ ಕಪ್ಪು ಕಾಫಿ ತಂದುಕೊಟ್ಟರು. ಖಲ್ಫಾನ್ ಅದನ್ನು ಎರಡೂ ಕೈಯಿಂದ ಸ್ವೀಕರಿಸಿ, ಮೇಜಿನ ಮೇಲೆ ಇಟ್ಟು, ಕೈಕಟ್ಟಿ ಕೂತ.

ಗಾಜಿನಾಚೆ ಕೆಲಸ ಮಾಡುತ್ತಿದ್ದ ಊರಿನ ಹುಡುಗರು ಅದನ್ನು ಕಂಡರು. ಒಬ್ಬೊಬ್ಬರಾಗಿ ಕಂಪ್ಯೂಟರ್ ಬಿಟ್ಟು ಎದ್ದು ನಿಂತರು.

“ಇವರು ಯಾಕೆ ಕುಡೀತಿಲ್ಲ?” ಲೀವನ್ ಶಂಸಾಳ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದ. “ಆ ಯಂತ್ರದ ಕಾಫಿ ಚೆನ್ನಾಗಿಲ್ಲ ಅಂತ ನಂಗೂ ಗೊತ್ತು. ಜ್ಯೂಸ್ ತರಿಸ್ಲಾ?”

“ಬೇಡ ಸರ್. ‘ಕುಡೀರಿ, ನಿಮ್ಮ ಕೆಲಸ ಆಯ್ತು’ ಅನ್ನಿ.”

“ಯಾವ ಕೆಲಸ? ಮೊದ್ಲು ತಿಳ್ಕೋಬೇಕಲ್ಲ. ಬ್ರಸೆಲ್ಸ್‌ನವರನ್ನ ಕೇಳ್ಬೇಕು...”

ಶಂಸಾಳಿಗೆ ತಡೆಯಲಾಗಲಿಲ್ಲ. “ನೀವು ಕಾಫಿ ಕೆಳಗಿಟ್ಟಾಗ ದೊಡ್ಡಪ್ಪ ಯಾರನ್ನೂ ಕೇಳ್ಲಿಲ್ಲ ಸರ್!” ಎಂದುಬಿಟ್ಟಳು. ಆಣೆ ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಲೀವನ್ ಅವಳನ್ನು ನೋಡಿದ, ಮೇಜಿನ ಮೇಲಿನ ಲೋಟವನ್ನು ನೋಡಿದ. ಕಿಟಕಿಯಾಚೆ ಬೇಲಿಯ ಹತ್ತಿರ ಮಲಗಿದ್ದ ಸಮ್ಹಾಳನ್ನು ನೋಡಿದ. ಹಬ್ಬದ ದಿನದ ಕೋಣೆ, ಹಿರಿಯರ ನೋಟ, ಗುಬೈಶ್‌ನ ತೆರೆದ ಬಾಯಿ ಎಲ್ಲವೂ ಈಗ ಅವನಿಗೆ ಅರ್ಥವಾಗಿರಬೇಕು. ಮೂಗಿನ ಕೆಂಪು ಕಿವಿಯವರೆಗೂ ಹರಡಿತು. ಬ್ರಸೆಲ್ಸ್‌ನವರನ್ನು ಮರೆತು, ಒಂದೊಂದೇ ಶಬ್ದವನ್ನು ಶಂಸಾಳಿಂದ ಕೇಳಿಕೊಂಡು, ಅರಬ್ಬಿಯಲ್ಲೇ ಹೇಳಿದ: “ಕುಡೀರಿ. ನಿಮ್ಮ ಕೆಲಸ ಆಯ್ತು.” ಒಂಟೆಯನ್ನು ಕೇಳಿಕೊಂಡು ಹೋಗಲಿ, ಕೇಳಿಬಿಡಲಿ ಎಂದು ಅವನ ಮನಸ್ಸು ಹಾರೈಸುತ್ತಿತ್ತು.

ಖಲ್ಫಾನ್ ಆ ಕಾಫಿಯನ್ನು ಒಂದೇ ಗುಟುಕಿಗೆ ಇಳಿಸಿದ. ಮುಖ ಕಿವುಚದಂತೆ ತಡೆದದ್ದೇ ದೊಡ್ಡದು. ರುಮಾಲು ಸರಿಮಾಡಿಕೊಂಡು ಹೇಳಿದ:

“ನನಗೊಂದು ಕೆಲಸ ಬೇಕು.”

“ಕೆಲಸಾನಾ?” ಶಂಸಾ ಕಿರುಚಿದಳು. “ದೊಡ್ಡಪ್ಪ, ನೀವಾ?”

“ನಾನೇ. ನಿಮ್ಮ ಕಂಪನಿಯಲ್ಲಿ ಒಂದು ಒಂಟೆ ಇದೆಯಂತೆ. ಅವಳಿಗೆ ಮೇವು ಹಾಕೋಕೆ ಬರೋರು ಒಬ್ಬರೂ ಇಲ್ಲ ಅಂತ ಕೇಳ್ದೆ. ನನಗೆ ಸ್ವಲ್ಪ ಗೊತ್ತು.”

ಗಾಜಿನಾಚೆ ಹುಡುಗರು ಚಪ್ಪಾಳೆ ತಟ್ಟಿದರು. ಶಂಸಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಲೀವನ್ ಮೂಗು ಒರೆಸಿಕೊಂಡದ್ದನ್ನು ಆ ಗದ್ದಲದಲ್ಲಿ ಅವಳೊಬ್ಬಳೇ ನೋಡಿದ್ದು.

ಅಂತೂ ಯಾರ ಗಡಿಯಾರಕ್ಕೂ ಏಳೆನೆಂದಿದ್ದವನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗೇಟಿನಲ್ಲಿ ನಿಲ್ಲತೊಡಗಿದ. ಕೊರಳಲ್ಲಿ ಫೋಟೋ ಇರುವ ಗುರುತಿನ ಚೀಟಿ, ತಲೆಯ ಮೇಲೆ ರುಮಾಲು, ರುಮಾಲಿನ ಮೇಲೆ ಹಳದಿ ಹೆಲ್ಮೆಟ್, ನಿಲುವಂಗಿಯ ಮೇಲೆ ಮಿರಮಿರ ಮಿನುಗುವ ಹಸಿರು ಅಂಗಿ. ಹೀಗೆ ಅಲಂಕಾರವಾಗಿ ಮೊದಲ ದಿನ ಬೇಲಿಯೊಳಗೆ ಹೋದಾಗ ಸಮ್ಹಾ ಗುರುತು ಹಿಡಿಯದೆ ಹಿಂದೆ ಸರಿದಳಂತೆ. ಅವನು ಹೆಲ್ಮೆಟ್ ತೆಗೆದು, ಅವಳ ಮೂಗಿನ ಹತ್ತಿರ ಬಾಯಿಟ್ಟು ಏನೋ ಹೇಳಿದ. ಅವಳು ಕೊರಳು ಚಾಚಿ ಅವನ ಭುಜದ ಮೇಲೆ ಗದ್ದವಿಟ್ಟಳು. ಕ್ರೇನ್ ಓಡಿಸುತ್ತಿದ್ದವನು ಮೇಲೆಯೇ ಯಂತ್ರ ನಿಲ್ಲಿಸಿ ನೋಡಿದನಂತೆ. ಆ ಸಂಜೆ ಒಣಮೀನು, ಖರ್ಜೂರ, ತುಪ್ಪದ ಉಂಡೆಗಳು ಒಂದೂ ಉಳಿಯಲಿಲ್ಲ, ಜೊತೆಗೆ ಹೆಲ್ಮೆಟಿನ ಪಟ್ಟಿಯೂ ಉಳಿಯಲಿಲ್ಲ.

ಗುಬೈಶ್ ಸುಮ್ಮನಿರುವವನಲ್ಲ. ಪರೋಟ ಅಂಗಡಿಯ ಮುಂದೆ ಎಲ್ಲರೂ ಕೂತಿರುವಾಗ, “ಏನಪ್ಪಾ, ನಿನ್ನ ಒಂಟೆಗೇ ನೀನು ಕೂಲಿಯವನಾದ್ಯಾ?” ಎಂದು ಚುಚ್ಚಿದ.

“ಕಂಪನಿ ಒಂಟೆ” ಎಂದು ಖಲ್ಫಾನ್ ತಿದ್ದಿದ. “ನಾನು ಕಂಪನಿ ನೌಕರ. ನೀನು? ನಿನ್ನ ಮನೆಯಲ್ಲಿ ಕೊರಿಯಾದವರು ಹಾಸಿಗೆ ಮೇಲೆ ಮಲಗ್ತಾರೆ, ನೀನು ಹಿತ್ತಲಲ್ಲಿ.”

ಗುಬೈಶ್ ಚಹಾ ಹೀರುವ ನೆಪದಲ್ಲಿ ಲೋಟದೊಳಗೆ ಮುಖ ಹುದುಗಿಸಿದ.

ಆ ಚಳಿಗಾಲದ ಓಟದಲ್ಲಿ ಸಮ್ಹಾ ಕಂಪನಿಯ ಹೆಸರಿನಲ್ಲಿ ಓಡಿದಳು. ಅವಳ ಬೆನ್ನ ಮೇಲೆ ಸವಾರನ ಬದಲು ಚಾಟಿ ಬೀಸುವ ಪುಟ್ಟ ಯಂತ್ರ, ಅದರೊಳಗೊಂದು ಧ್ವನಿಪೆಟ್ಟಿಗೆ. ಪಕ್ಕದ ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಓಡುವ ಕಾರಿನಲ್ಲಿ ಖಲ್ಫಾನ್ ವೈರ್‌ಲೆಸ್ ಹಿಡಿದು “ಓಡೇ ನನ್ನವ್ವ, ಓಡೇ ಕಣ್ಣೇ” ಎಂದು ಕೂಗುತ್ತಿದ್ದ. ಪಕ್ಕದಲ್ಲಿ ಕೂತ ಲೀವನ್ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ತನ್ನ ಭಾಷೆಯಲ್ಲಿ ಕೂಗುತ್ತಿದ್ದ. ಸಮ್ಹಾ ಎರಡನೆಯವಳಾಗಿ ಬಂದಳು. ಬಯಲಿನಲ್ಲಿ ಹಳದಿ ಹೆಲ್ಮೆಟ್‌ಗಳು ಆಕಾಶಕ್ಕೆ ಹಾರಿದವು. “ಮುಂದಿನ ಚಳಿಗೆ ಮೊದಲು ಬರ್ತಾಳೆ” ಎಂದ ಖಲ್ಫಾನ್. ಈ ಸಲ ಲೀವನ್ ಕೂಡ ನಂಬಿದ.

ಕಟ್ಟೆ ಮುಗಿಯಿತು. ದೂರ ದೇಶಗಳ ಹಡಗುಗಳು ಬಂದು ಊರ ಮುಂದೆ ಲಂಗರು ಹಾಕಿ, ಬಣ್ಣ ಬಳಿಸಿಕೊಂಡು ಹೋಗತೊಡಗಿದವು. ಶಂಸಾ ಕಚೇರಿಯಲ್ಲಿ ಮೇಲಕ್ಕೇರಿ, ತನ್ನ ಕೈಕೆಳಗಿನವರನ್ನು ಗದರಿಸುವಷ್ಟಾದಳು. ಕಟ್ಟುವ ಕೆಲಸ ಮುಗಿದ ಮೇಲೆ ಲೀವನ್‌ಗೆ ಇಲ್ಲೇನು ಕೆಲಸ? ಇನ್ನೊಂದು ದೇಶಕ್ಕೆ ಹೋಗುವಂತೆ ಅವನಿಗೆ ಆದೇಶ ಬಂತು.

ಆ ಸುದ್ದಿ ಕೇಳಿದ ದಿನದಿಂದ ಖಲ್ಫಾನನಿಗೆ ನಿದ್ದೆಯಿಲ್ಲ. ಹೊಸ ಮುಖ್ಯಸ್ಥ ಬರುತ್ತಾನೆ. ಹಡಗು ದುರಸ್ತಿಯ ಕಂಪನಿಗೆ ಒಂಟೆ ಯಾಕೆ ಎಂದು ಅವನು ಕೇಳಿದರೆ? ಯಾರಿಗಾದರೂ ಮಾರಿಬಿಟ್ಟರೆ? ಹೆಂಡತಿಗೆ ಅದನ್ನು ಹೇಳಿಯೂ ಹೇಳಿದ. ಅಂದಿನಿಂದ ಝುವೈನಾಳೂ ಅವನ ಜೊತೆ ಎಚ್ಚರವಾಗಿರತೊಡಗಿದಳು.

ಹೊರಡುವ ಮುನ್ನಾದಿನ ಲೀವನ್ ಒಬ್ಬನೇ ಖಲ್ಫಾನನ ಮನೆಗೆ ಬಂದ. ಈಗ ಅವನಿಗೆ ಶಂಸಾಳ ನೆರವು ಬೇಡ. ಒಂಟೆ ಕಾಯುವವರಿಂದಲೂ ಮೀನುಗಾರರಿಂದಲೂ ಕಲಿತ ಅವನ ಅರಬ್ಬಿ ಕೇಳಿದರೆ ಮಸ್ಕತ್‌ನವರು ನಗುತ್ತಿದ್ದರು. ಅದೇ ಕೋಣೆ, ಅದೇ ಜಮಖಾನ, ಗೋಡೆಗೊರಗಿ ಅದೇ ಹಿರಿಯರು. ಖಲ್ಫಾನ್ ಕಾಫಿ ಬಗ್ಗಿಸಿ ಕೊಟ್ಟ. ಅವನಿಗೆ ಹೊಟ್ಟೆಹುಣ್ಣೆಂದು ಈಗ ಊರಿಗೆಲ್ಲ ಗೊತ್ತು, ಆದ್ದರಿಂದ ಬಟ್ಟಲಿನ ತಳ ಮುಚ್ಚುವಷ್ಟೇ ಹಾಕಿದ.

ಲೀವನ್ ಬಟ್ಟಲನ್ನು ತೆಗೆದುಕೊಂಡ. ಖಲ್ಫಾನನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ, ಅದನ್ನು ನಿಧಾನವಾಗಿ ತನ್ನ ಮುಂದೆ ಜಮಖಾನದ ಮೇಲೆ ಇಟ್ಟ. ಕೈಕಟ್ಟಿ ಕೂತ.

ಈ ಸಲ ಗೊತ್ತಿದ್ದೇ ಇಟ್ಟದ್ದು. ಅದು ಎಲ್ಲರಿಗೂ ತಿಳಿಯಿತು.

“ಈ ಸಲಾನಾದ್ರೂ ಮೊದ್ಲು ಕೇಳು” ಗುಬೈಶ್ ಪಿಸುಗುಟ್ಟಿದ. ಒಳಬಾಗಿಲ ಪರದೆಯ ಹಿಂದಿನಿಂದ ಝುವೈನಾಳ ಕೆಮ್ಮು 'ಕೇಳಿ, ಕೇಳಿ' ಎನ್ನುವಂತೆ ಬಂತು. ಇನ್ನೇನು ಕೇಳಬಹುದು ಇವನು? ಕೊಡಲು ಇನ್ನೇನು ಉಳಿದಿದೆ? ದೋಣಿ ಇದೆ, ಆಡುಗಳಿವೆ, ಅಪ್ಪನ ಬೆಳ್ಳಿಯ ಬಾಕು ಗೋಡೆಯ ಮೇಲಿದೆ. ಖಲ್ಫಾನ್ ಒಂದೊಂದನ್ನೂ ಮನಸ್ಸಿನಲ್ಲೇ ಮುಟ್ಟಿ ನೋಡಿದ. ಆಮೇಲೆ ಅವನಿಗೆ ತನ್ನ ಬಗ್ಗೆ ತನಗೇ ನಗು ಬಂತು. ಇವನು ಎರಡು ವರ್ಷ ತನ್ನ ಮಗುವಿನಂಥವಳನ್ನು ತನಗೆ ಹೆಗಲಿಗೆ ಹೆಗಲು ಕೊಟ್ಟು ನೋಡಿಕೊಂಡವನು, ಅವಳಿಗೆ ಜ್ವರ ಬಂದಾಗ ಪಕ್ಕದಲ್ಲೇ ಕೂತಿದ್ದವನು. ಇವನನ್ನು ಏನೆಂದು ಕೇಳುವುದು?

“ಕುಡಿ, ಲೀವನ್” ಎಂದ. “ನಿನ್ನ ಕೆಲಸ ಆಯ್ತು.”

ಪರದೆಯ ಹಿಂದಿನ ಕೆಮ್ಮು ನಿಂತುಹೋಯಿತು.

ಲೀವನ್ ಬಟ್ಟಲನ್ನೆತ್ತಿ ಬರೀ ತುಟಿ ತಾಗಿಸಲಿಲ್ಲ, ನಿಜವಾಗಿಯೇ ಕುಡಿದ. “ಅಬೂ ಹಮೂದ್, ಸಮ್ಹಾಳನ್ನ ಕಂಪನಿಯಿಂದ ನಾನೇ ಕೊಂಡ್ಕೊಂಡೆ. ಈಗ ಅವಳು ನನ್ನವಳು. ನಾನು ಹೋಗೋ ಊರಲ್ಲಿ ಹಿಮ ಬೀಳುತ್ತೆ. ಅವಳು ಇನ್ನು ಮೇಲೆ ನಿಮ್ಮ ಅಂಗಳದಲ್ಲಿ, ನಿಮ್ಮವಳಾಗಿ ಇರಬೇಕು. ನಾನು ಕೇಳೋದು ಇಷ್ಟೆ. ನೀವು ಆಗಲೇ ಹೂಂ ಅಂದಾಯ್ತು.”

ಖಲ್ಫಾನ್ ಬೇಡವೆನ್ನಲು ಬಾಯಿ ತೆರೆದ. ಬೇಡವೆನ್ನುವ ದಾರಿಯನ್ನು ತಾನೇ ಮುಚ್ಚಿಕೊಂಡಿದ್ದ. ಇಡೀ ಊರು ಕೇಳಿಸಿಕೊಂಡಿತ್ತು. ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿರುವಾಗಲೇ ಅವನಿಗೆ ಇನ್ನೊಂದು ವಿಷಯ ಹೊಳೆಯಿತು.

“ಹಾಗಾದ್ರೆ ನಾಳೆಯಿಂದ ನನ್ನ ಕೆಲಸ ಹೋಯ್ತಲ್ಲೋ!”

ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಪರದೆಯ ಹಿಂದೆಯೂ ನಗು ಕೇಳಿಸಿತು. ಲೀವನ್ ತನ್ನ ಬಟ್ಟಲನ್ನು ಮತ್ತೆ ಚಾಚಿದ, ಖಲ್ಫಾನ್ ಈ ಸಲ ತುಂಬ ಬಗ್ಗಿಸಿದ.

ಮಾರನೆಯ ದಿನ ಖಲ್ಫಾನ್ ಹೆಲ್ಮೆಟನ್ನೂ ಹಸಿರು ಅಂಗಿಯನ್ನೂ ಶಂಸಾಳಿಗೆ ಒಪ್ಪಿಸಿದ. ಗುರುತಿನ ಚೀಟಿಯನ್ನು ಮಾತ್ರ ಕೊಡಲಿಲ್ಲ. ಖೋರ್ ಮಿಲ್ಹ್‌ಗೆ ಹೋದರೆ ಈಗಲೂ ನೋಡಬಹುದು, ಖಲ್ಫಾನನ ಅಂಗಳದಲ್ಲಿ ಮೆಲುಕು ಹಾಕುತ್ತಾ ನಿಂತ ಸಮ್ಹಾಳ ಕೊರಳಿನಲ್ಲಿ, ಕೆಂಪು ಗೊಂಡೆಯ ಪಕ್ಕ, ಹೆಲ್ಮೆಟ್ ತೊಟ್ಟು ನಗುತ್ತಿರುವ ಅವನ ಫೋಟೋ ತೂಗಾಡುತ್ತಿರುತ್ತದೆ.